ಐರನ್ ಹೊಡೆದರೆ ಎಡಕ್ಕೆ, ಡ್ರೈವರ್ ಹೊಡೆದರೆ ಬಲಕ್ಕೆ: ಭಾವ ಕೊಟ್ಟ ಗಾಲ್ಫ್ ಸೆಟ್ ಇಟ್ಟುಕೊಳ್ಳಲೇ, ಹೊಸದು ಕೊಳ್ಳಲೇ?

ಪ್ರಶ್ನೆ: ಮನೆ ಮಂಜೇಶ್ವರ, ಕೆಲಸ ಮಂಗಳೂರಿನ ಬ್ಯಾಂಕಿನಲ್ಲಿ. ವಯಸ್ಸು 47, ಎತ್ತರ 5 ಅಡಿ 4 ಇಂಚು, ಬಲಗೈ ಆಟಗಾರ. ಒಂದು ವರ್ಷದಿಂದ ಭಾನುವಾರಗಳಲ್ಲಿ ಪಿಲಿಕುಳಕ್ಕೆ ಗಾಲ್ಫ್ ಆಡಲು ಹೋಗುತ್ತಿದ್ದೇನೆ. ದುಬೈಯಲ್ಲಿರುವ ಭಾವ ತಾವು ಹದಿನೈದು ವರ್ಷ ಆಡಿದ ಸೆಟ್ ಕೊಟ್ಟಿದ್ದಾರೆ. ಅವರು 6 ಅಡಿಯ ಆಳು. ಡ್ರೈವರ್, ಅಂದರೆ ದೂರ ಹೊಡೆಯುವ ಉದ್ದದ ಕ್ಲಬ್, 9.5 ಡಿಗ್ರಿ; ಅದರ ಶಾಫ್ಟ್ (ದಂಡ) ಮೇಲೆ 'ಎಸ್' ಎಂದಿದೆ. 3-ವುಡ್, 4ರಿಂದ ಪಿಚಿಂಗ್ ವೆಜ್‌ವರೆಗೆ ಉಕ್ಕಿನ ಶಾಫ್ಟಿನ ಐರನ್‌ಗಳು, ಹತ್ತಿರದ ಹೊಡೆತಕ್ಕೆ 56 ಡಿಗ್ರಿಯ ಸ್ಯಾಂಡ್ ವೆಜ್, ಚೆಂಡನ್ನು ಕುಳಿಗೆ ಉರುಳಿಸುವ 35 ಇಂಚಿನ ಪಟರ್. ಗ್ರಿಪ್‌ಗಳೆಲ್ಲ ದಪ್ಪ, ಮಳೆಗಾಲದಲ್ಲಿ ಅಂಟಂಟಾಗುತ್ತವೆ. 7-ಐರನ್ ಚೆನ್ನಾಗಿ ತಾಗಿದರೆ 115 ಗಜ ಹೋಗುತ್ತದೆ. ಐರನ್‌ಗಳಲ್ಲಿ ಚೆಂಡು ಎಡಕ್ಕೆ ಹೋಗುತ್ತದೆ, ಡ್ರೈವರಿನಲ್ಲಿ ಬಲಕ್ಕೆ ಬಾಗುತ್ತದೆ. ಹೆಸರಾಂತ ಕಂಪನಿಯ ಹೊಸ ಡ್ರೈವರ್ ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಗುತ್ತಿದೆ. ಕೊಳ್ಳಬಹುದೇ?

ಉತ್ತರ: ಡ್ರೈವರಿಗೆಂದು ಎತ್ತಿಟ್ಟ ದುಡ್ಡು ಸದ್ಯ ಅಲ್ಲೇ ಇರಲಿ. ಒಬ್ಬನೇ ಮನುಷ್ಯ, ಒಂದೇ ಬೆಳಿಗ್ಗೆ, ಐರನ್ ಹಿಡಿದಾಗ ಎಡಕ್ಕೂ ಡ್ರೈವರ್ ಹಿಡಿದಾಗ ಬಲಕ್ಕೂ ಹೊಡೆಯುತ್ತಾನೆ ಎಂದಾದರೆ ಸ್ವಿಂಗ್ (ಕ್ಲಬ್ ಬೀಸುವ ರೀತಿ) ಒಂದನ್ನೇ ದೂರುವ ಹಾಗಿಲ್ಲ. ನಿಮಗಿಂತ ಎಂಟು ಇಂಚು ಎತ್ತರದವರ ಕೈಗೆ ಕೂಡಿಬಂದ ಸಾಮಾನು ನಿಮ್ಮ ಕೈಯಲ್ಲಿದೆ. ಆ ಐರನ್ ಎಡಕ್ಕೆ ಕಳಿಸುವುದಕ್ಕೆ ಒಂದು ಕಾರಣ, ಆ ಡ್ರೈವರ್ ಬಲಕ್ಕೆ ಕಳಿಸುವುದಕ್ಕೆ ಬೇರೆ ಕಾರಣ. ಎರಡನ್ನೂ ಮನೆಯಲ್ಲೇ, ಒಂದು ಅಳತೆ ಟೇಪು, ವೈಟ್‌ಬೋರ್ಡ್ ಮಾರ್ಕರ್ ಮತ್ತು ಮೈಗೆ ಹಾಕುವ ಪೌಡರಿನಲ್ಲಿ ಪತ್ತೆಹಚ್ಚಬಹುದು. ಸೆಟ್ಟನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬುದು ಆಮೇಲಿನ ಮಾತು.

ಎಲ್ಲಕ್ಕೂ ಮೊದಲು ಸುರಕ್ಷತೆ. ಹದಿನೈದು ವರ್ಷದ ಕ್ಲಬ್‌ಗಳಲ್ಲಿ ತಲೆಯನ್ನೂ ಶಾಫ್ಟನ್ನೂ ಅಂಟಿಸಿರುವ ಎಪಾಕ್ಸಿ ಒಣಗಿ ಬಿರುಕು ಬಿಟ್ಟಿರುವುದುಂಟು, ಅದರಲ್ಲೂ ಕೊಲ್ಲಿಯ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲೇ ಕಾಲ ಕಳೆದ ಸೆಟ್ ಆದರೆ. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದು ಕೈಯಲ್ಲಿ ತಲೆ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಕೂದಲೆಳೆಯಷ್ಟು ಅಲ್ಲಾಡಿದರೂ, 'ಟಿಕ್' ಎಂಬ ಸದ್ದು ಬಂದರೂ ಆ ಕ್ಲಬ್ ಆಡಬೇಡಿ; ಸ್ವಿಂಗಿನ ನಡುವೆ ತಲೆ ಕಳಚಿ ಹಾರಿದರೆ ಎದುರಿಗಿದ್ದವರ ಗತಿಯೇನು? ತಲೆಯೊಳಗೆ ಗಿಲಿಗಿಲಿ ಸದ್ದು ಕೇಳಿಸಿದರೆ ಅದು ಹೆಚ್ಚಾಗಿ ಒಳಗೆ ಉದುರಿದ ಅಂಟಿನ ಚೂರು. ಕಿರಿಕಿರಿ ಹೌದು, ಅಪಾಯವಲ್ಲ. ಉಕ್ಕಿನ ಶಾಫ್ಟಿನ ಮೇಲೆ ಬೆರಳಾಡಿಸಿ, ತುಕ್ಕು ಬರೀ ಬಣ್ಣವಾಗಿದ್ದರೆ ಉಜ್ಜಿದರೆ ಹೋಗುತ್ತದೆ. ಉಗುರು ಸಿಕ್ಕುವಷ್ಟು ಗುಳಿ ಬಿದ್ದಿದ್ದರೆ, ಅದೂ ತಲೆಯ ಹತ್ತಿರ, ಶಾಫ್ಟ್ ಅಲ್ಲೇ ಮುರಿಯುತ್ತದೆ. ಗ್ರಾಫೈಟ್ ಶಾಫ್ಟಿನಲ್ಲಿ ಬಣ್ಣದಡಿಯ ಸೀಳನ್ನು ಹುಡುಕಿ. ಬ್ಯಾಗಿನ ಬಾಯಿಗೆ ಉಜ್ಜಿ ಉಜ್ಜಿ ಸವೆದ ಉಂಗುರದಂಥ ಗುರುತು ಇದ್ದರೆ ಅದು ಮೊದಲ ಸಂಶಯದ ಜಾಗ.

ಇನ್ನು ಐರನ್‌ಗಳು. ಪುರುಷರ ಉಕ್ಕಿನ ಶಾಫ್ಟಿನ 7-ಐರನ್ ಮಾಮೂಲಾಗಿ 37 ಇಂಚು ಉದ್ದ. ಅಲ್ಲಿಂದ ಒಂದೊಂದು ನಂಬರಿಗೆ ಅರ್ಧ ಇಂಚು ಏರಿಳಿತ. ಕ್ಲಬ್ಬನ್ನು ಆಡುವ ಭಂಗಿಯಲ್ಲಿ ಸಪಾಟು ನೆಲಕ್ಕೆ ಊರಿ, ಶಾಫ್ಟಿನ ಹಿಂಬದಿಗೆ ಟೇಪ್ ಹಿಡಿದು, ನೆಲದಿಂದ ಗ್ರಿಪ್ಪಿನ ತುದಿಯವರೆಗೆ ಅಳೆಯಿರಿ. ಆರಡಿಯವರ ಸೆಟ್ಟಿನಲ್ಲಿ ಇದು 37½ ಬಂದರೆ ಆಶ್ಚರ್ಯವಿಲ್ಲ. ಕೊಳ್ಳುವಾಗಲೇ ಅರ್ಧ ಇಂಚು ಕೂಡಿಸಿ, ಲೈ ಒಂದೆರಡು ಡಿಗ್ರಿ ನೆಟ್ಟಗೆ ಮಾಡಿಸಿಕೊಳ್ಳುವುದು ಎತ್ತರದವರಲ್ಲಿ ರೂಢಿ. ಲೈ ಎಂದರೆ ಕ್ಲಬ್ಬನ್ನು ಊರಿದಾಗ ಶಾಫ್ಟ್ ನೆಲದೊಂದಿಗೆ ಮಾಡುವ ಕೋನ; 7-ಐರನ್‌ನಲ್ಲಿ ಸುಮಾರು 62–63 ಡಿಗ್ರಿ.

ಗಿಡ್ಡಗಿನವರು ಇಂಥ ಕ್ಲಬ್ ಹಿಡಿದರೆ ಕೈ ಕೆಳಗಿರುತ್ತದೆ, ತಲೆಯ ಹೊರತುದಿ, ಅಂದರೆ ಟೋ, ನೆಲ ಬಿಟ್ಟು ಮೇಲೇಳುತ್ತದೆ. ಟೋ ಎದ್ದ ಐರನ್ ಎಡಕ್ಕೆ ಮುಖ ಮಾಡುತ್ತದೆ. ನೀವು ಗುರಿ ಸರಿಯಾಗಿಯೇ ಹಿಡಿದಿರುತ್ತೀರಿ, ಕ್ಲಬ್ಬಿನ ಕೆಳ ಅಂಚು ಬಾವುಟಕ್ಕೇ ನೇರವಾಗಿ ಕಾಣುತ್ತದೆ. ಆದರೆ ಓರೆಯಾದ ಮುಖವೇ ಬೇರೆ ಕಡೆ ನೋಡುತ್ತಿರುತ್ತದೆ. ಲಾಫ್ಟ್, ಅಂದರೆ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿದ ಕೋನ, ಹೆಚ್ಚಿದಷ್ಟೂ ಈ ತಪ್ಪು ಹೆಚ್ಚು. ಹಾಗಾಗಿಯೇ 9-ಐರನ್, ಪಿಚಿಂಗ್ ವೆಜ್‌ಗಳು 5-ಐರನ್‌ಗಿಂತ ಮೊಂಡಾಗಿ ಎಡಕ್ಕೆ ಎಳೆಯುತ್ತವೆ; ಲಾಫ್ಟ್ ಕಡಿಮೆಯಿರುವ ಡ್ರೈವರಿನಲ್ಲಿ ಇದರ ಪ್ರಭಾವ ಬಹಳ ಕಡಿಮೆ. ಲೈ ಮೂರು ಡಿಗ್ರಿ ತಪ್ಪಿದ್ದರೆ ನಿಮ್ಮ 115 ಗಜದ 7-ಐರನ್‌ನಲ್ಲಿ ಚೆಂಡು ನಾಲ್ಕೈದು ಗಜ ಎಡಕ್ಕೆ ಬೀಳುತ್ತದೆ. ಗ್ರೀನಿನ (ಕುಳಿಯ ಸುತ್ತಲಿನ ಸಣ್ಣ ಹುಲ್ಲಿನ ಜಾಗ) ನಡುವೆ ಬೀಳಬೇಕಾದದ್ದು ಅಂಚಿಗೆ ಸರಿದು, ಅಲ್ಲಿಂದ ಕೆಳಗೆ ಉರುಳಲು ಅಷ್ಟು ಸಾಕು.

ಇದನ್ನು ಕಣ್ಣಾರೆ ನೋಡಬಹುದು. ಚೆಂಡಿನ ಮೇಲೆ ವೈಟ್‌ಬೋರ್ಡ್ ಮಾರ್ಕರಿನಿಂದ ದಪ್ಪ ಗೆರೆ ಎಳೆಯಿರಿ. ಪರ್ಮನೆಂಟ್ ಮಾರ್ಕರ್ ಬೇಡ, ಅದು ಒಣಗಿ ಚೆಂಡಿಗೇ ಅಂಟಿಕೊಳ್ಳುತ್ತದೆ, ಕ್ಲಬ್ಬಿಗೆ ಮೂಡುವುದಿಲ್ಲ. ಗೆರೆ ಕ್ಲಬ್ಬಿನ ಮುಖದ ಕಡೆಗೆ, ನೆಲಕ್ಕೆ ನೇರ ಲಂಬವಾಗಿ ನಿಲ್ಲುವಂತೆ ಚೆಂಡನ್ನು ಹುಲ್ಲಿನ ಮೇಲಿಟ್ಟು ಹೊಡೆಯಿರಿ. ಕ್ಲಬ್ಬಿನ ಮುಖದಲ್ಲಿ ಗೆರೆಯ ಅಚ್ಚು ಮೂಡಿರುತ್ತದೆ. ಅಡ್ಡ ಗೀರುಗಳಿಗೆ ಅದು ನೇರವಾಗಿ ಲಂಬವಾಗಿದ್ದರೆ ಲೈ ಸರಿ. ಗೆರೆಯ ಮೇಲ್ತುದಿ ಟೋ ಕಡೆಗೆ ವಾಲಿದ್ದರೆ ಕ್ಲಬ್ ನಿಮಗೆ ಅತಿ ನೆಟ್ಟಗಿದೆ; ಶಾಫ್ಟಿನ ಕಡೆಗೆ, ಅಂದರೆ ಹೀಲ್ ಕಡೆಗೆ ವಾಲಿದ್ದರೆ ಅತಿ ಚಪ್ಪಟೆ. ಒಂದು ಹೊಡೆತದಿಂದ ತೀರ್ಮಾನ ಬೇಡ. ಚೆನ್ನಾಗಿ ತಾಗಿದ ಐದು ಹೊಡೆತಗಳ ಅಚ್ಚಿನ ಫೋಟೋ ತೆಗೆದು, ಪ್ರತಿ ಸಲ ಒರೆಸಿ, ಒಟ್ಟಿಗೆ ಇಟ್ಟು ನೋಡಿ. ನಿಮ್ಮದು ಟೋ ಕಡೆಗೇ ವಾಲುತ್ತದೆ ಎಂಬುದು ನಮ್ಮ ಊಹೆ.

ಪರಿಹಾರ ಎರಡು ಹಂತದ್ದು. ಉದ್ದವನ್ನು ಅರ್ಧ ಇಂಚು ಇಳಿಸಿದರೆ ಲೈ ಸುಮಾರು ಒಂದು ಡಿಗ್ರಿ ಚಪ್ಪಟೆಯಾದ ಹಾಗೆ ಕೆಲಸ ಮಾಡುತ್ತದೆ, ಅರ್ಧ ತೊಂದರೆ ಅಲ್ಲೇ ಕಳೆಯಬಹುದು. ಎಷ್ಟು ಇಳಿಸಬೇಕು ಎನ್ನಲು ಆಟದ ಬೂಟು ಹಾಕಿ ನೆಟ್ಟಗೆ ನಿಂತು, ಕೈ ಇಳಿಬಿಟ್ಟು, ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಮನೆಯವರಿಂದ ಅಳತೆ ತೆಗೆಸಿ. ಹೆಚ್ಚಿನ ತಯಾರಕರ ಪಟ್ಟಿಗಳಲ್ಲಿ 33–35 ಇಂಚಿನ ಆಸುಪಾಸಿಗೆ ಮಾಮೂಲು ಉದ್ದ. 32ಕ್ಕಿಂತ ಕೆಳಗೆ ಬಂದರೆ ಮಾಮೂಲಿಗಿಂತಲೂ ಕಾಲು ಇಂಚಿನಿಂದ ಅರ್ಧ ಇಂಚು ಕಡಿಮೆ. ಆದರೆ ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ. ಗ್ರಿಪ್ಪಿನ ಮೇಲೆ ಬಣ್ಣದ ಟೇಪಿನ ಗುರುತು ಹಾಕಿ, ಮೂರು ಭಾನುವಾರ ಅರ್ಧ ಇಂಚು ಕೆಳಗೆ ಹಿಡಿದು ಆಡಿ ನೋಡಿ, ಆಮೇಲೆ ಗರಗಸ ತೆಗೆಯಿರಿ. ಅರ್ಧ ಇಂಚು ಹೋದರೆ ತಲೆ ಹಗುರ ಅನ್ನಿಸುತ್ತದೆ. ಬೇಡವೆನಿಸಿದರೆ ತಲೆಯ ಹಿಂಬದಿಗೆ ಐದಾರು ಗ್ರಾಂ ಸೀಸದ ಟೇಪ್ ಅಂಟಿಸಿದರೆ ಮೊದಲಿನ ತೂಕದ ಅನುಭವ ಬರುತ್ತದೆ.

ಇನ್ನುಳಿದ ಒಂದೆರಡು ಡಿಗ್ರಿಯನ್ನು ಹೊಸೆಲ್, ಅಂದರೆ ಶಾಫ್ಟ್ ಕೂರುವ ಕುತ್ತಿಗೆಯನ್ನು ಬಗ್ಗಿಸಿ ಸರಿಮಾಡಬೇಕು. ಅದನ್ನು ಲೈ ಬಗ್ಗಿಸುವ ಯಂತ್ರ ಇರುವಲ್ಲೇ ಮಾಡಿಸಿ. ಬೆಂಗಳೂರಿಗೆ ಹೋಗುವ ಸಂದರ್ಭವಿದ್ದರೆ ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗಿ. ಊರಿನ ವೆಲ್ಡಿಂಗ್ ಶಾಪಿನಲ್ಲಿ ಕಾಯಿಸಿ ಬಗ್ಗಿಸುವ ಕೆಲಸ ಖಂಡಿತ ಬೇಡ. ಮೆದು ಉಕ್ಕನ್ನು ಬಡಿದು ಮಾಡಿದ ಐರನ್ ಎರಡು ಡಿಗ್ರಿ ಸಲೀಸಾಗಿ ಬಗ್ಗುತ್ತದೆ. ಎರಕದ ಸ್ಟೇನ್‌ಲೆಸ್ ಐರನ್ ಗಡುಸು, ಅವಸರ ಮಾಡಿದರೆ ಕುತ್ತಿಗೆ ಸೀಳುತ್ತದೆ.

ಉದ್ದ ಕತ್ತರಿಸುವುದಿದ್ದರೆ ಗ್ರಿಪ್ ಬದಲಿಸುವುದೂ ಅದೇ ಗಳಿಗೆಯಲ್ಲಿ. ಈ ಸೆಟ್ಟಿಗೆ ಮೊದಲ ಖರ್ಚು ಗ್ರಿಪ್ಪಿಗೇ ಆಗಬೇಕು. ಕ್ಲಬ್ಬಿಗೂ ನಿಮಗೂ ಇರುವ ನಂಟು ಅದೊಂದೇ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ, ಉಳಿದ ತಿಂಗಳುಗಳಲ್ಲಿ ಬೆವರು; ಹಳೆಯ ರಬ್ಬರ್ ಮೊದಲು ಹೊಳಪಾಗುತ್ತದೆ, ಆಮೇಲೆ ಜಾರುತ್ತದೆ, ಕೊನೆಗೆ ಅಂಟುತ್ತದೆ. ಜಾರುವ ಗ್ರಿಪ್ಪನ್ನು ಕೈ ತನ್ನಷ್ಟಕ್ಕೇ ಬಿಗಿಯಾಗಿ ಹಿಡಿಯುತ್ತದೆ, ಬಿಗಿ ಹಿಡಿದ ಕೈಗೆ ಮಣಿಕಟ್ಟು ಆಡುವುದಿಲ್ಲ, ಕ್ಲಬ್ಬಿನ ಮುಖ ತೆರೆದೇ ಉಳಿಯುತ್ತದೆ. ಡ್ರೈವರ್ ಬಲಕ್ಕೆ ಹೋಗುವುದರಲ್ಲಿ ಇದರ ಪಾಲೂ ಇರಬಹುದು.

ದಪ್ಪವನ್ನು ಹೀಗೆ ನೋಡಿ: ಎಡಗೈಯಿಂದ ಗ್ರಿಪ್ ಹಿಡಿದಾಗ ನಡುವಿನ ಎರಡು ಬೆರಳುಗಳ ತುದಿ ಹೆಬ್ಬೆರಳ ಬುಡದ ಮೆತ್ತೆಗೆ ಹಗುರವಾಗಿ ತಾಗಬೇಕು. ಒತ್ತಿಕೊಂಡರೆ ಸಪೂರ, ನಡುವೆ ಸಂದು ಉಳಿದರೆ ದಪ್ಪ. ಹೊಸ ಗ್ರಿಪ್ಪಿನ ಬಾಯಿಯೊಳಗೆ 60 ಅಥವಾ 58 ಎಂಬ ಸಂಖ್ಯೆ ಇರುತ್ತದೆ. ಅದು ಒಳವ್ಯಾಸ, ಇಂಚಿನ ಸಾವಿರದ ಲೆಕ್ಕದಲ್ಲಿ 0.600, 0.580. ನಿಮ್ಮ ಶಾಫ್ಟಿನ ತುದಿ 0.600 ಇಂಚು, ಅಂದರೆ ಸುಮಾರು 15.2 ಮಿಲಿಮೀಟರ್ ಇದ್ದರೆ 60ರ ಗ್ರಿಪ್ ಹೇಳಿದ ದಪ್ಪಕ್ಕೆ ಕೂರುತ್ತದೆ, 58ರದ್ದು ಹಿಗ್ಗಿ ತುಸು ದಪ್ಪವಾಗುತ್ತದೆ. ಯಾವುದೇ ಲೇತ್ ವರ್ಕ್‌ಶಾಪಿನಲ್ಲಿ ವರ್ನಿಯರ್ ಹಿಡಿದು ಒಂದು ನಿಮಿಷದಲ್ಲಿ ಅಳೆದುಕೊಡುತ್ತಾರೆ. ನೂಲು ಬೆರೆಸಿದ ಕಾರ್ಡ್ ಗ್ರಿಪ್ ಒರಟು, ಅಂಗೈ ಉರಿಸುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಸಾಟಿಯಿಲ್ಲ. ಮೇಲರ್ಧ ಮಾತ್ರ ನೂಲಿರುವ ಗ್ರಿಪ್ ನಿಮ್ಮಂಥವರಿಗೆ ಒಳ್ಳೆಯ ನಡುದಾರಿ. ಎಡಗೈಗೆ ಹೇಗೂ ಗ್ಲೌಸ್ ಇರುತ್ತದೆ.

ಕೂರಿಸುವ ಕೆಲಸ ಮನೆಯಲ್ಲೇ ಆಗುತ್ತದೆ. ಹಳೆಯ ಗ್ರಿಪ್ಪನ್ನು ಕೊಕ್ಕೆಯಾಕಾರದ ಬ್ಲೇಡಿನಿಂದ ಮೈಯಿಂದ ಹೊರಮುಖವಾಗಿ ಸೀಳಿ ಸುಲಿಯಿರಿ. ಡ್ರೈವರ್, 3-ವುಡ್ಡಿನ ಗ್ರಾಫೈಟಿನ ಮೇಲೆ ನೇರ ಬ್ಲೇಡ್ ಬೇಡ. ಎಳೆ ತುಂಡಾದರೆ ಶಾಫ್ಟ್ ಹೋಯಿತು. ಗ್ರಿಪ್ ಸುಲಿದಾಗ ತುದಿಯಲ್ಲಿ ಬೇರೆ ಬಣ್ಣದ ಗಿಡ್ಡ ತುಂಡು ಕೂಡಿಸಿದ್ದು ಕಂಡರೆ, ಭಾವ ಉದ್ದ ಮಾಡಿಸಿಕೊಂಡದ್ದು ಅದೇ, ಕತ್ತರಿಸಬೇಕಾದದ್ದೂ ಅಲ್ಲೇ. ಹಳೆಯ ಟೇಪಿನ ಅಂಟನ್ನು ಪೂರ್ತಿ ಒರೆಸಿ ತೆಗೆಯಿರಿ, ಅರ್ಧ ಅಂಟು ಉಳಿದರೆ ಹೊಸ ಗ್ರಿಪ್ ಗಂಟುಗಂಟಾಗುತ್ತದೆ. ಎರಡೂ ಬದಿ ಅಂಟಿರುವ ಎರಡಿಂಚು ಅಗಲದ ಟೇಪನ್ನು ಸುಮಾರು 25 ಸೆಂಟಿಮೀಟರ್ ಉದ್ದಕ್ಕೆ ಸುತ್ತಿ, ತುದಿಯಲ್ಲಿ ಒಂದು ಸೆಂಟಿಮೀಟರ್ ಹೆಚ್ಚು ಬಿಟ್ಟು ಶಾಫ್ಟಿನ ತೂತಿನೊಳಕ್ಕೆ ಮಡಚಿ. ಗ್ರಿಪ್ಪಿನ ತಲೆಯ ಸಣ್ಣ ರಂಧ್ರವನ್ನು ಟೀಯಿಂದ (ಚೆಂಡು ಇಡುವ ಪುಟ್ಟ ಗೂಟ) ಮುಚ್ಚಿ, ಪೇಂಟ್ ಅಂಗಡಿಯ ಟರ್ಪೆಂಟೈನನ್ನು ಕಾಲು ಭಾಗದಷ್ಟು ಒಳಗೆ ಸುರಿದು ಅಲ್ಲಾಡಿಸಿ, ಅದನ್ನೇ ಟೇಪಿನ ಮೇಲೆ ಧಾರಾಳವಾಗಿ ಹರಿಸಿ. ಇಲ್ಲಿ ಜಿಪುಣತನ ಮಾಡಿದವರ ಗ್ರಿಪ್ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೇ ಉಸಿರಿಗೆ ಕೊನೆಯವರೆಗೆ ತಳ್ಳಿ, ಕ್ಲಬ್ಬನ್ನು ನೆಲಕ್ಕೆ ಊರಿ, ಗ್ರಿಪ್ಪಿನ ಗೆರೆ ಮುಖಕ್ಕೆ ನೇರ ಬಂದಿದೆಯೇ ನೋಡಿ ತಿರುಗಿಸಿ. ತಿರುಗಿಸಲು ಒಂದೆರಡು ನಿಮಿಷವಷ್ಟೇ ಸಮಯ. ಒಣ ದಿನಗಳಲ್ಲಿ ಒಂದು ರಾತ್ರಿ, ಮಳೆಗಾಲದಲ್ಲಿ ಎರಡು ದಿನ ಮುಟ್ಟಬೇಡಿ. ಅಡುಗೆಮನೆಯಿಂದ ದೂರ, ಗಾಳಿಯಾಡುವ ಜಗಲಿಯಲ್ಲಿ ಕೂತು ಮಾಡಿ. ಟರ್ಪೆಂಟೈನಿಗೆ ಬೆಂಕಿ ಹಿಡಿಯಲು ಕಿಡಿ ಸಾಕು.

ಈಗ ಡ್ರೈವರ್. 7-ಐರನ್ 115 ಗಜ ಹೋಗುವ ಆಟಗಾರನ ಡ್ರೈವರ್ ವೇಗ ಅಂದಾಜು ಗಂಟೆಗೆ 120–125 ಕಿಲೋಮೀಟರ್. ಶಾಫ್ಟಿನ ಮೇಲಿನ 'ಎಸ್' ಎಂದರೆ ಗಡುಸು. ಅದು ಗಂಟೆಗೆ 150 ಕಿಲೋಮೀಟರ್ ಮೀರಿ ಬೀಸುವವರಿಗೆ. ನಿಮಗೆ ಮಧ್ಯಮ ಗಡುಸಿನ 'ಆರ್' ಅಥವಾ ಹಿರಿಯರಿಗೆಂದು ಮಾರುವ 'ಎ' ಹೊಂದುತ್ತದೆ. 'ಸೀನಿಯರ್' ಎಂಬ ಹೆಸರು ಕಂಡು ಹಿಂಜರಿಯಬೇಡಿ, ಶಾಫ್ಟಿಗೆ ನಿಮ್ಮ ವಯಸ್ಸು ಗೊತ್ತಿಲ್ಲ, ವೇಗ ಮಾತ್ರ ಗೊತ್ತು. ಈ ಅಕ್ಷರಗಳಿಗೆ ಎಲ್ಲ ಕಂಪನಿಗಳಿಗೂ ಒಪ್ಪಿಗೆಯಾದ ಅಳತೆಯಿಲ್ಲ. ಒಬ್ಬರ 'ಆರ್' ಇನ್ನೊಬ್ಬರ 'ಎಸ್'ನಷ್ಟು ಗಡುಸಿರಬಹುದು. ಹೊಡೆದು ನೋಡದೆ ಕೊಳ್ಳಬಾರದು ಎನ್ನುವುದು ಅದಕ್ಕೇ.

ಶಾಫ್ಟಿಗಿಂತ ದೊಡ್ಡ ತೊಂದರೆ 9.5 ಡಿಗ್ರಿಯ ಲಾಫ್ಟ್. ಲಾಫ್ಟ್ ಕಡಿಮೆಯಾದಷ್ಟೂ ಚೆಂಡಿನ ಹಿಮ್ಮುಖ ಸ್ಪಿನ್ ಕಡಿಮೆ. ಆಗ ಮುಖ ಸ್ವಲ್ಪ ತೆರೆದಿದ್ದರೂ ಪಕ್ಕದ ಸ್ಪಿನ್ನೇ ಮೇಲುಗೈಯಾಗಿ ಚೆಂಡು ಬಲಕ್ಕೆ ಬಾಗುತ್ತದೆ. 12 ಡಿಗ್ರಿಯ ಡ್ರೈವರಿನಲ್ಲಿ ಅದೇ ತಪ್ಪು ಹೊಡೆತ ಕಡಿಮೆ ಬಾಗುತ್ತದೆ, ನಿಮ್ಮ ವೇಗಕ್ಕೆ ಗಾಳಿಯಲ್ಲಿ ಹೆಚ್ಚು ಹೊತ್ತೂ ನಿಲ್ಲುತ್ತದೆ. ಮೂರನೆಯದು ಉದ್ದ. 45 ಇಂಚು ದಾಟಿದ ಡ್ರೈವರ್ ಗಿಡ್ಡ ಆಟಗಾರನ ಕೈಯಲ್ಲಿ ಚೆಂಡನ್ನು ಮುಖದ ನಡುವೆ ತಾಗಿಸುವುದು ಕಷ್ಟ. ಪೌಡರ್ ಬೇಕಾದದ್ದು ಇಲ್ಲಿ: ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ, ತೆಳುವಾಗಿ ಪೌಡರ್ ಹಚ್ಚಿ, ಟೀ ಮೇಲಿನ ಚೆಂಡು ಹೊಡೆಯಿರಿ. ಚೆಂಡಿನ ಗುಳಿಗಳ ಸಮೇತ ದುಂಡು ಗುರುತು ಬೀಳುತ್ತದೆ. ಹತ್ತು ಹೊಡೆತಗಳ ಗುರುತು ಶಾಫ್ಟಿನ ಕಡೆಗೇ ಗುಂಪಾಗಿದ್ದರೆ ನಿಮ್ಮ ಬಲಬಾಗಿಗೆ ಅದೇ ದೊಡ್ಡ ಕಾರಣ. ಹೀಲ್‌ಗೆ ತಾಗಿದಾಗ ತಲೆ ತಿರುಚಿ ಚೆಂಡಿಗೆ ಬಲಕ್ಕೆ ಸುತ್ತುವ ಸ್ಪಿನ್ ಕೊಡುತ್ತದೆ. ಆಗ ಮೊದಲ ಮದ್ದು ಪುಕ್ಕಟೆಯದು: ಒಂದು ಇಂಚು ಕೆಳಗೆ ಹಿಡಿಯಿರಿ, ಚೆಂಡಿನಿಂದ ಅರ್ಧ ಹೆಜ್ಜೆಗಿಂತ ಕಡಿಮೆ ಹಿಂದೆ ಸರಿಯಿರಿ, ಮತ್ತೆ ಪೌಡರ್ ಹಚ್ಚಿ ನೋಡಿ.

(ಇದನ್ನು ಅಂಗಳದಲ್ಲೇ ಮಾಡುವ ಆಸೆಯಾದರೆ ತೋಟದ ಹಸಿರು ನೆರಳುಬಲೆ ನಂಬಬೇಡಿ. ಚೆಂಡು ಗಂಟೆಗೆ 170 ಕಿಲೋಮೀಟರ್ ವೇಗದಲ್ಲಿ ಬರುತ್ತದೆ, ಬಲೆ ಒಂದೇ ದಿನದಲ್ಲಿ ಹರಿಯುತ್ತದೆ. ಮೀನುಗಾರರ ಹಳೆಯ ನೈಲಾನ್ ಬಲೆ, ಕಣ್ಣು ಒಂದು ಇಂಚಿಗಿಂತ ಕಿರಿದು, ಎರಡು ಪದರ, ಕೆಳಗೆ ಬಿಗಿಯದೆ ಸಡಿಲವಾಗಿ ಇಳಿಬಿಟ್ಟು, ನಿಮ್ಮಿಂದ ಮೂರು ಮೀಟರ್ ದೂರ ಇರಲಿ. ಬಿಗಿದು ಕಟ್ಟಿದ ಬಲೆ ಚೆಂಡನ್ನು ನಿಮ್ಮ ಮುಖಕ್ಕೇ ವಾಪಸು ಕಳಿಸುತ್ತದೆ. ಬಲೆಯ ಹಿಂದೆ ಯಾರೂ ಓಡಾಡದ ಜಾಗವೇ ಆಗಬೇಕು.)

ಎರಡು ತಿಂಗಳು ಟೀ ಮೇಲಿಂದ 3-ವುಡ್ಡಿನಲ್ಲೇ ಆಡಿ. ಸುಮಾರು 43 ಇಂಚು, 15 ಡಿಗ್ರಿ: ಗಿಡ್ಡ, ಲಾಫ್ಟ್ ಹೆಚ್ಚು, ನಿಮ್ಮ ಈಗಿನ ಎರಡೂ ತೊಂದರೆಗೆ ಎದುರು. ದೂರ ಹತ್ತಿಪ್ಪತ್ತು ಗಜ ಕಡಿಮೆಯಾದರೂ ಕಾಡಿಗೆ ಹೋಗುವ ಚೆಂಡು ನಿಂತರೆ ಲಾಭ ನಿಮ್ಮದೇ. ಆಮೇಲೂ ಡ್ರೈವರ್ ಬೇಕೆನಿಸಿದರೆ ಮೂರು-ನಾಲ್ಕು ವರ್ಷ ಹಳೆಯ, 12 ಡಿಗ್ರಿಯ, 50 ಗ್ರಾಂ ಆಸುಪಾಸಿನ ಮೃದು ಶಾಫ್ಟಿನ ಸೆಕೆಂಡ್‌ಹ್ಯಾಂಡ್ ಒಂದನ್ನು ಹುಡುಕಿ. ತಲೆಯ ಗಾತ್ರಕ್ಕೆ ನಿಯಮದ ಮಿತಿ 460 ಘನ ಸೆಂಟಿಮೀಟರ್, ಮುಖ ಎಷ್ಟು ಪುಟಿಯಬಹುದು ಎಂಬುದಕ್ಕೂ ಮಿತಿಯಿದೆ. ಹತ್ತಾರು ವರ್ಷಗಳಿಂದ ಎಲ್ಲರೂ ಆ ಗೋಡೆಗೇ ತಾಗಿ ನಿಂತಿದ್ದಾರೆ, ಹಾಗಾಗಿ ಹೊಸ ಮಾಡೆಲ್ ಎಂಬ ಒಂದೇ ಕಾರಣಕ್ಕೆ ಮೂವತ್ತು ಗಜ ಹೆಚ್ಚು ಬರುವುದಿಲ್ಲ.

ಆ ಅರ್ಧ ಬೆಲೆಯ ಡ್ರೈವರ್? ನಕಲಿ ಇರುವ ಸಾಧ್ಯತೆ ದೊಡ್ಡದು. ಕೈಗೆ ಸಿಕ್ಕಿದಾಗ ಮುಖಕ್ಕೆ ಅಯಸ್ಕಾಂತ ಹಿಡಿಯಿರಿ: ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅಂಟಿದರೆ ಅದು ಟೈಟಾನಿಯಂ ಎಂದು ಮಾರಿದ ಉಕ್ಕು. ಕುತ್ತಿಗೆಯ ಮೇಲೆ ಕೊರೆದ ಸೀರಿಯಲ್ ನಂಬರನ್ನು ಕಂಪನಿಗೆ ಕಳಿಸಿ ಕೇಳಿ. ಕಪ್ಪು ಪ್ಲಾಸ್ಟಿಕ್ ಉಂಗುರ ಮತ್ತು ತಲೆ ಸೇರುವಲ್ಲಿ ಉಗುರು ಸಿಕ್ಕುವಂತಿದ್ದರೆ, ಅಕ್ಷರದ ಬಣ್ಣ ಗೀರಿನಿಂದ ಹೊರಗೆ ಚೆಲ್ಲಿದ್ದರೆ ವಾಪಸು ಮಾಡಿ. ಐರನ್‌ಗಳಿಗೆ ಈ ಅಯಸ್ಕಾಂತದ ಪರೀಕ್ಷೆ ನಡೆಯುವುದಿಲ್ಲ, ಅವು ಉಕ್ಕಿನವೇ.

4 ಮತ್ತು 5-ಐರನ್ ಮನೆಯಲ್ಲಿರಲಿ. ನಿಮ್ಮ ವೇಗಕ್ಕೆ ಅವು ಚೆಂಡನ್ನು ಎತ್ತಲಾರವು. ಆ ಎರಡರ ಬದಲಿಗೆ 21–22 ಡಿಗ್ರಿಯ 7-ವುಡ್ ಒಂದು, ಅಥವಾ 25 ಡಿಗ್ರಿ ಆಸುಪಾಸಿನ ಹೈಬ್ರಿಡ್ (ವುಡ್ಡೂ ಐರನ್ನೂ ಬೆರೆತಂಥ ಕ್ಲಬ್) ಒಂದು ಸಾಕು. ಉಳಿದ ಐರನ್‌ಗಳ ಉಕ್ಕಿನ ಶಾಫ್ಟ್ ನಿಮಗೆ ಭಾರವೇ ಎಂದು ತಿಳಿಯಲು 6, 7, 8 ನಂಬರಿನಲ್ಲಿ ಹತ್ತತ್ತು ಚೆಂಡು ಹೊಡೆದು ಬಿದ್ದ ದೂರ ನೋಡಿ. ನಂಬರಿಗೆ ಎಂಟು ಗಜಕ್ಕಿಂತ ಹೆಚ್ಚು ಅಂತರ ಸಿಕ್ಕರೆ ಇದೇ ಸೆಟ್ ಇನ್ನೆರಡು ವರ್ಷ ನಡೆಯಲಿ. ಮೂರೂ ಒಂದೇ ಕಡೆ ಬಿದ್ದರೆ, ಹನ್ನೆರಡನೆಯ ಹೋಲಿನ ಹೊತ್ತಿಗೆ ಭುಜ ಸೋತರೆ, ಹಗುರ ಗ್ರಾಫೈಟಿನ ಐರನ್ ಸೆಟ್ಟಿಗೆ ಉಳಿಸಿದ ದುಡ್ಡು ಹಾಕಿ. ಹಳೆಯ ತಲೆಗಳಿಗೆ ಹೊಸ ಶಾಫ್ಟ್ ಹಾಕಿಸುವುದು ಸೆಕೆಂಡ್‌ಹ್ಯಾಂಡ್ ಸೆಟ್ಟಿಗಿಂತ ದುಬಾರಿಯಾಗುವುದೇ ಹೆಚ್ಚು.

ನಿಯಮದಂತೆ ಬ್ಯಾಗಿನಲ್ಲಿ 14 ಕ್ಲಬ್‌ಗಳವರೆಗೆ ಇರಬಹುದು, ಕನಿಷ್ಠ ಇಷ್ಟಿರಬೇಕು ಎಂಬುದಿಲ್ಲ. ನಿಮ್ಮಲ್ಲಿರುವುದು 11. ಒಂದಷ್ಟು ದಿನ 3-ವುಡ್, ಹೈಬ್ರಿಡ್, 7, 9, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್, ಹೀಗೆ ಏಳರಲ್ಲೇ ಆಡಿದರೆ ಒಂದೊಂದರ ದೂರವೂ ಮನಸ್ಸಿನಲ್ಲಿ ಕೂರುತ್ತದೆ, ಹೆಗಲಿಗೂ ಹಗುರ.

ವೆಜ್ ವಿಷಯದಲ್ಲಿ ನಮ್ಮ ನೆಲವನ್ನು ನೋಡದೆ ಮಾತಾಡುವಂತಿಲ್ಲ. ವೆಜ್ಜಿನ ಅಡಿ ಸಪಾಟಾಗಿರುವುದಿಲ್ಲ, ಹಿಂಭಾಗ ಉಬ್ಬಿ ಕೆಳಗಿಳಿದಿರುತ್ತದೆ. ಆ ಉಬ್ಬಿನ ಕೋನವೇ ಬೌನ್ಸ್. 4–6 ಡಿಗ್ರಿ ಕಡಿಮೆ, 7–10 ಮಧ್ಯಮ, ಅದರ ಮೇಲೆ ಹೆಚ್ಚು. ಮುರಕಲ್ಲಿನ ಪದವಿನ ಮೇಲೆ ತೆಳುವಾಗಿ ಮಣ್ಣು ಹುಲ್ಲು ಹಿಡಿದ ಜಾಗ ಫೆಬ್ರವರಿಯಿಂದ ಮೇವರೆಗೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅಂಥ ನೆಲದಲ್ಲಿ 14 ಡಿಗ್ರಿ ಬೌನ್ಸಿನ ವೆಜ್ ಬೀಸಿದರೆ ಉಬ್ಬು ನೆಲಕ್ಕೆ ತಾಗಿ ಪುಟಿಯುತ್ತದೆ, ಮುಂದಿನ ಅಂಚು ಚೆಂಡಿನ ಹೊಟ್ಟೆಗೇ ಹೊಡೆಯುತ್ತದೆ, ಇಪ್ಪತ್ತು ಗಜ ಹೋಗಬೇಕಾದದ್ದು ಗ್ರೀನ್ ದಾಟಿ ಅರವತ್ತು ಗಜ ಓಡುತ್ತದೆ. ಆಟಿ ತಿಂಗಳ ನೆಂದ ನೆಲದಲ್ಲಿ ಇದರ ತದ್ವಿರುದ್ಧ: ಕಡಿಮೆ ಬೌನ್ಸಿನ ಚೂಪು ವೆಜ್ ಹಾರೆಯ ಹಾಗೆ ಮಣ್ಣಿಗಿಳಿಯುತ್ತದೆ, ಚೆಂಡು ಮೂರು ಗಜ ಹೋಗಿ ನಿಲ್ಲುತ್ತದೆ. ಎರಡೂ ಸಲ ಆಟಗಾರ ತನ್ನ ಕೈಯನ್ನೇ ಬೈದುಕೊಳ್ಳುತ್ತಾನೆ.

ನಿಮ್ಮ 56ರ ಪಕ್ಕದಲ್ಲಿ ಕೊರೆದ ಎರಡನೆಯ ಸಂಖ್ಯೆ ನೋಡಿ. 10 ಇದ್ದರೆ ವರ್ಷವಿಡೀ ಅದೇ ಸಾಕು. 14 ಇದ್ದರೆ ಬಂಕರಿನ ಮೆತ್ತನೆ ಮರಳಿಗೂ ಮಳೆಗಾಲಕ್ಕೂ ಇಟ್ಟುಕೊಳ್ಳಿ. ಬೇಸಗೆಯಲ್ಲಿ ಗ್ರೀನಿನ ಸುತ್ತ ಪಿಚಿಂಗ್ ವೆಜ್ ಅಥವಾ 9-ಐರನ್‌ನಲ್ಲಿ ಚೆಂಡು ಉರುಳಿಸುವುದು ಕಲಿಯಿರಿ. ಅಷ್ಟು ಹಳೆಯ ಸೆಟ್ಟಿನ ಪಿಚಿಂಗ್ ವೆಜ್ ಸಾಮಾನ್ಯವಾಗಿ 46 ಡಿಗ್ರಿ ಆಸುಪಾಸು. ಅಲ್ಲಿಂದ 56ಕ್ಕೆ ಹತ್ತು ಡಿಗ್ರಿಯ ಕಂದಕ. ಹೊಸ ಕ್ಲಬ್ ಒಂದನ್ನು ಕೊಳ್ಳಲೇಬೇಕೆಂದಿದ್ದರೆ 51 ಅಥವಾ 52 ಡಿಗ್ರಿಯ, ಸುಮಾರು 8 ಬೌನ್ಸಿನ ವೆಜ್ ಕೊಳ್ಳಿ. ಡ್ರೈವರಿಗಿಂತ ಅದು ಹೆಚ್ಚು ಹೋಲ್‌ಗಳಲ್ಲಿ ಕೈಗೆ ಬರುತ್ತದೆ. ಕ್ರೋಮ್ ಲೇಪನದ್ದನ್ನೇ ಆರಿಸಿ. ಲೇಪನವಿಲ್ಲದ ವೆಜ್ ಟಿ.ವಿ.ಯಲ್ಲಿ ಚಂದ, ಇಲ್ಲಿಯ ಉಪ್ಪು ಗಾಳಿಗೆ ವಾರದೊಳಗೆ ಕೆಂಪಾಗುತ್ತದೆ.

ಪಟರ್ 35 ಇಂಚು ನಿಮಗೆ ಉದ್ದವೇ. ಪಟ್ ಮಾಡುವ ಭಂಗಿಯಲ್ಲಿ ನಿಂತು ಮೂಗಿನ ಮೇಲ್ತುದಿಯಿಂದ ಒಂದು ನಾಣ್ಯ ಬಿಡಿ. ಚೆಂಡಿನ ಮೇಲೆ ಅಥವಾ ನಿಮ್ಮ ಕಡೆಗೆ ಒಂದಿಂಚಿನೊಳಗೆ ಬಿದ್ದರೆ ಸರಿ. ನಾಲ್ಕಿಂಚು ಈಚೆ ಬಿದ್ದರೆ ಪಟರ್ ನಿಮ್ಮನ್ನು ದೂರ ನಿಲ್ಲಿಸುತ್ತಿದೆ, ರೇಖೆ ಓರೆಯಾಗಿ ಕಾಣುತ್ತದೆ. ಒಂದು ವಾರ ಎರಡಿಂಚು ಕೆಳಗೆ ಹಿಡಿದು ನೋಡಿ, ಹಿತವೆನಿಸಿದರೆ 33ಕ್ಕೆ ಕತ್ತರಿಸಿ. ಉಕ್ಕಿನ ಶಾಫ್ಟಿಗೆ ಪ್ಲಂಬರರ ಪೈಪ್ ಕಟರ್ ಸಾಕು. ಗ್ರಾಫೈಟಿಗೆ ಅದು ಸಲ್ಲದು, ಮಾಸ್ಕಿಂಗ್ ಟೇಪ್ ಸುತ್ತಿ ಸಣ್ಣ ಹಲ್ಲಿನ ಹ್ಯಾಕ್ಸಾ ಬಳಸಬೇಕು. ಪಾರ್ (ಒಂದು ಸುತ್ತಿಗೆ ನಿಗದಿಯಾದ ಹೊಡೆತಗಳು) 72ರ ಲೆಕ್ಕದಲ್ಲೇ 36 ಪಟ್‌ಗಳಿಗೆ ಜಾಗ ಇಟ್ಟಿದ್ದಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಡ್ರೈವಿನ ದೂರದಲ್ಲಿ ಬಹುತೇಕರಿಗಿಂತ ಹಿಂದಿದ್ದರೂ ನಾಲ್ಕನೆಯ ಸ್ಥಾನಕ್ಕೆ ಬಂದದ್ದು ಪಟರಿನ ಬಲದಿಂದ.

ಚೆಂಡಿಗೆ ತಲೆ ಕೆಡಿಸಿಕೊಳ್ಳಬೇಡಿ. ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಿರಬಾರದು ಎಂಬುದು ಎಲ್ಲ ಚೆಂಡಿಗೂ ಒಂದೇ. ಗಟ್ಟಿ ಹೊದಿಕೆಯ ಎರಡು ಪದರದ ಚೆಂಡು ಈಗ ನಿಮಗೆ ಸಾಕು: ಕಡಿಮೆ ಸ್ಪಿನ್, ಕಡಿಮೆ ಬಾಗು, ಕಡಿಮೆ ಬೆಲೆ. ಒಂದೇ ಮಾಡೆಲಿಗೆ ಅಂಟಿಕೊಳ್ಳಿ. ಹುಲ್ಲಿನಲ್ಲಿ ಸಿಕ್ಕ ಚೆಂಡಿನ ಮೇಲೆ ಸೀಳಿಲ್ಲದಿದ್ದರೆ ಆಡಬಹುದು. ಮತ್ತೆ ಬಣ್ಣ ಬಳಿದು ಮಾರುವವು ಬೇಡ, ಬಣ್ಣ ಗುಳಿಗಳನ್ನು ತುಂಬಿ ಹಾರಾಟ ಕೆಡಿಸುತ್ತದೆ. ಸುಳ್ಯ ದಾಟಿ ಮಡಿಕೇರಿಗೆ ಆಡಲು ಹೋದರೆ ಅಲ್ಲಿಯ ಎತ್ತರಕ್ಕೆ, ಸುಮಾರು 1,150 ಮೀಟರ್, ನಿಮ್ಮ 115 ಗಜದ ಹೊಡೆತ ನಾಲ್ಕೈದು ಗಜ ಮುಂದೆ ಬೀಳುತ್ತದೆ. ಅದು ಹೊಸ ಗ್ರಿಪ್ಪಿನ ಪುಣ್ಯವೆಂದು ತಿಳಿಯಬೇಡಿ.

ಕೊನೆಗೆ ಮಳೆಗಾಲದ ಕಾಪು. ಆಡಿ ಬಂದ ಸಂಜೆಯೇ ಬ್ಯಾಗನ್ನು ಖಾಲಿ ಮಾಡಿ, ತಳದಲ್ಲಿ ನಿಂತ ನೀರು ಚೆಲ್ಲಿ, ಬ್ಯಾಗನ್ನು ಫ್ಯಾನಿನಡಿ ತಲೆಕೆಳಗು ಇಡಿ. ಕ್ಲಬ್‌ಗಳನ್ನು ಸಾಬೂನು ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಪೂರ್ತಿ ಒರೆಸಿ, ಲೋಹದ ಭಾಗಕ್ಕೆ ಹೊಲಿಗೆ ಮಿಷನ್ ಎಣ್ಣೆಯ ಒಂದು ಹನಿಯನ್ನು ಬಟ್ಟೆಯಿಂದ ಸವರಿ. ಮನೆಯಲ್ಲಿ ಧಾರಾಳವಿದೆಯೆಂದು ತೆಂಗಿನೆಣ್ಣೆ ಹಚ್ಚಬೇಡಿ, ಅದು ಕಮಟಿ ಜಿಗುಟಾಗಿ ಧೂಳು ಹಿಡಿಯುತ್ತದೆ. ಡ್ರೈವರಿನ ಉಣ್ಣೆಯ ಟೋಪಿ ಒದ್ದೆಯಿದ್ದರೆ ಕ್ಲಬ್ಬಿಗೆ ಹಾಕಬಾರದು. ಅಟ್ಟದ ಮೇಲೆ ಹಂಚಿನ ಕಾವಿಗೂ ಕಾರಿನ ಡಿಕ್ಕಿಗೂ ಸೆಟ್ ಹೋಗುವುದು ಬೇಡ, ಅಂಟಿನ ಮಾತು ಮೊದಲೇ ಹೇಳಿದ್ದೇವೆ. ತೊಗಲಿನ ಗ್ಲೌಸ್ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಜೂನ್‌ನಿಂದ ಸಿಂಥೆಟಿಕ್ ಗ್ಲೌಸ್ ಎರಡು ಇಟ್ಟುಕೊಂಡು, ಮೂರು ಹೋಲಿಗೊಮ್ಮೆ ಬದಲಿಸಿ, ಬಿಚ್ಚಿದ್ದನ್ನು ಕೊಡೆಯ ಒಳಗಿನ ಕಡ್ಡಿಗೆ ನೇತುಹಾಕಿ. ಅಲ್ಲಿ ಮಾತ್ರ ಅದು ಒಣಗಲು ಜಾಗ.